ಕುಲುಮೆಯಲ್ಲಿ ಬಡಿದ ಕತ್ತಿ ಒಳ್ಳೆಯದೋ ಅಲ್ಲವೋ, ನೋಡಿ ತಿಳಿಯುವುದು ಹೇಗೆ?

ಕಾನುಹಕ್ಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಊರು ಸಾಗರದ ಕಡೆ, ಈಗ ಇರುವುದು ಬೆಂಗಳೂರಿನಲ್ಲಿ. ಅಡುಗೆಮನೆಗೆ ಕೈಯಲ್ಲೇ ಬಡಿದು ಮಾಡಿದ ಒಂದು ಚಾಕು, ಊರಿನ ತೋಟಕ್ಕೆ ಒಂದು ಕತ್ತಿ ಬೇಕಾಗಿದೆ. ಅಜ್ಜ ಮಾಡಿಸಿದ ಕತ್ತಿ ಇನ್ನೂ ಮನೆಯಲ್ಲಿದೆ. ಮಸೆದು ಮಸೆದು ಅಗಲ ಅರ್ಧಕ್ಕೆ ಇಳಿದಿದೆ. ಆದರೂ ಬಾಳೆಗೊನೆಯ ದಂಟಿಗೆ ಒಂದೇ ಏಟು ಸಾಕು. ಅದನ್ನು ಮಾಡಿಕೊಟ್ಟ ಕುಲುಮೆ ಮುಚ್ಚಿ ಎಷ್ಟೋ ಕಾಲವಾಯಿತು.

ಈಗ ನನ್ನ ಮುಂದೆ ಎರಡು ಇವೆ. ಒಂದು ಆನ್‌ಲೈನಲ್ಲಿ ನೋಡಿದ 'ಡಮಾಸ್ಕಸ್' ಚಾಕು. ಮೈತುಂಬ ಅಲೆ ಅಲೆ ಗೆರೆ, ಬೆಲೆ 4,500 ರೂಪಾಯಿ. ಇನ್ನೊಂದು ಸಂತೆಯಲ್ಲಿ ಕಂಡ ಕತ್ತಿ, 600 ರೂಪಾಯಿ. ಸುತ್ತಿಗೆ ಗುರುತು ಹಾಗೇ ಇದೆ. 'ಲಾರಿ ಪ್ಲೇಟಿನದು, ಕಣ್ಣುಮುಚ್ಚಿ ತಗೊಳ್ಳಿ' ಅಂದರು, ಅಂದರೆ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದದ್ದು ಅಂತ. ಈ ಮಾತನ್ನು ಎಲ್ಲರೂ ಹೇಳುತ್ತಾರೆ. ಹೋದ ವರ್ಷ ಬೇರೊಂದು ಕಡೆ ಇದೇ ಮಾತು ಕೇಳಿ ತಂದ ಕತ್ತಿ ತೆಂಗಿನಕಾಯಿ ಕೆತ್ತುವಾಗಲೇ ಬಾಯಿ (ಹರಿತದ ಅಂಚು) ಮಡಚಿಕೊಂಡಿತು.

ಅಂಗಡಿಯಲ್ಲಿ ನಿಂತು ಏನನ್ನೂ ಕಡಿದು ನೋಡಲು ಆಗುವುದಿಲ್ಲ. ಕಣ್ಣಿಂದ, ಕೈಯಿಂದ ಏನನ್ನು ನೋಡಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಕುಲುಮೆಮನೆ

ನಮ್ಮದು ತೀರ್ಥಹಳ್ಳಿ ಕಡೆ ಕುಲುಮೆ. ಅಪ್ಪ ಬಡಿಯುತ್ತಿದ್ದರು, ನಾನು ತಿದಿ ಒತ್ತುತ್ತಿದ್ದೆ. ಈಗ ತಿದಿಯ ಜಾಗದಲ್ಲಿ ಬ್ಲೋವರ್ ಇದೆ, ಸುತ್ತಿಗೆ ನನ್ನ ಕೈಗೆ ಬಂದಿದೆ. ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಕೊಳ್ಳುವವರು ಇದನ್ನು ಕೇಳುವುದೇ ಕಡಿಮೆ.

ಕತ್ತಿಯ ಜೀವ ಇರುವುದು ಹದದಲ್ಲಿ, ಅಂದರೆ ಉಕ್ಕನ್ನು ಕಾಯಿಸಿ, ತಣಿಸಿ ಬೇಕಾದಷ್ಟು ಗಟ್ಟಿ ಮಾಡುವುದರಲ್ಲಿ. ಆ ಹದ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಒಂದೇ ಪ್ಲೇಟಿನಿಂದ ಎರಡು ಕತ್ತಿ ಬಡಿದು, ಒಂದಕ್ಕೆ ಸರಿಯಾಗಿ ಹದ ಹಾಕಿ ಇನ್ನೊಂದನ್ನು ಸುಮ್ನೆ ಆರಲು ಬಿಟ್ಟರೆ, ಸಾಣೆ ಹಿಡಿದ ಮೇಲೆ ಎರಡೂ ಒಂದೇ ಥರ ಹೊಳೆಯುತ್ತವೆ. ಹಾಗಾಗಿ ನೀವು ನೋಡಬೇಕಾದ್ದು, ಬಡಿದವನು ಎಲ್ಲೆಲ್ಲಿ ಕೆಲಸ ಉಳಿಸಿಕೊಂಡಿದ್ದಾನೆ ಅನ್ನುವುದು. ಸಾಮಾನ್ಯವಾಗಿ ಗಿರಾಕಿ ನೋಡದ ಜಾಗದಲ್ಲಿ ಕೆಲಸ ಬಿಟ್ಟವನು ಹದದಲ್ಲೂ ಬಿಟ್ಟಿರುತ್ತಾನೆ.

ಮೊದಲು ಕತ್ತಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಹಿಡಿಯ ಕಡೆಯಿಂದ ಮೊನೆಯ ತನಕ ಬೆನ್ನಿನ ಗೆರೆ ನೋಡಿ. ಆಮೇಲೆ ತಿರುಗಿಸಿ ಬಾಯಿಯ ಗೆರೆ ನೋಡಿ. ಹದ ಹಾಕುವಾಗ ಅಲಗು ತಿರುಚಿಕೊಳ್ಳುವುದು ಸಹಜ. ಒಂದು ಪಕ್ಕ ಬೇಗ ತಣ್ಣಗಾದರೆ ಅಲಗು ಬಾಗುತ್ತದೆ. ಅದನ್ನು ನೋಡಿ ತಿದ್ದುವುದು ಬಡಿದವನ ಕೆಲಸ. ತಿದ್ದದೆ ಸಾಣೆಯಲ್ಲೇ ನೇರ ಮಾಡಲು ಹೋಗಿದ್ದರೆ ಬಾಯಿ ನೇರ ಕಾಣುತ್ತದೆ, ಬೆನ್ನು ಸೊಟ್ಟ ಇರುತ್ತದೆ. ಜೊತೆಗೆ ಒಂದು ಮಗ್ಗುಲು ದಪ್ಪ, ಇನ್ನೊಂದು ತೆಳ್ಳಗೆ. ಅಂಥ ಕತ್ತಿ ಕಡಿಯುವಾಗ ಒಂದು ಕಡೆ ವಾಲುತ್ತದೆ.

ಎರಡನೆಯದು ಬೆನ್ನಿನ ದಪ್ಪ. ಬೆರಳಲ್ಲಿ ಹಿಡಿಯಿಂದ ಮೊನೆಯ ಕಡೆಗೆ ಸವರುತ್ತಾ ಹೋಗಿ. ಬಡಿದು ಮಾಡಿದ ಅಲಗು ಹಿಡಿಯ ಹತ್ತಿರ ದಪ್ಪಗಿದ್ದು ಮೊನೆಗೆ ಬರುತ್ತಾ ತೆಳುವಾಗುತ್ತದೆ. ತೋಟದ ಕತ್ತಿ ಹಿಡಿಯ ಹತ್ತಿರ 5-6 ಮಿಲಿಮೀಟರ್ ಇದ್ದರೆ ಮೊನೆಯಲ್ಲಿ 3ರ ಆಸುಪಾಸು ಇರಬೇಕು. ಉದ್ದಕ್ಕೂ ಒಂದೇ ದಪ್ಪ ಇದ್ದರೆ ಅದು ಹೆಚ್ಚಾಗಿ ತಗಡಿನಿಂದ ಕತ್ತರಿಸಿದ್ದು. ಮೇಲೆ ನಾಲ್ಕು ಸುತ್ತಿಗೆ ಏಟು ಹೊಡೆದು ಗುರುತು ಬಿಟ್ಟಿರುತ್ತಾರೆ. ಸುತ್ತಿಗೆ ಗುರುತು ಇದ್ದ ಮಾತ್ರಕ್ಕೆ ಕೈಕೆಲಸ ಅಂತ ನಂಬಬೇಡಿ. ನಿಜವಾಗಿ ಬಡಿಯುವವರು ಕೊನೆಗೆ ಹಗುರ ಏಟಿನಲ್ಲಿ ಮೈ ನಯ ಮಾಡುತ್ತಾರೆ. ಗುರುತು ಉಳಿದರೂ ಮೇಲ್ಭಾಗದಲ್ಲಿ ತೆಳುವಾಗಿ ಉಳಿಯುತ್ತದೆ. ಬಾಯಿಯ ಹತ್ತಿರ ಆಳದ ಗುಳಿ ಇದ್ದರೆ ಬಿಟ್ಟುಬಿಡಿ. ನಾಲ್ಕು ಸಲ ಮಸೆದರೆ ಆ ಗುಳಿ ಬಾಯಿಗೇ ಬಂದು ನಿಲ್ಲುತ್ತದೆ.

ಮೂರನೆಯದನ್ನು ಬಹುಪಾಲು ಜನ ನೋಡುವುದೇ ಇಲ್ಲ. ಅಲಗು ಮುಗಿದು ಹಿಡಿಯೊಳಗೆ ಹೋಗುವ ಬಾಲ ಶುರುವಾಗುವ ಕತ್ತು. ಅಲ್ಲಿ ಮೂಲೆ ಚೂಪಾಗಿ, ಗರಗಸದಲ್ಲಿ ಕೊಯ್ದ ಹಾಗೆ ಇರಬಾರದು. ಗುಂಡಗೆ ಬಳುಕಿ ಬಾಲಕ್ಕೆ ಸೇರಬೇಕು. ಕತ್ತಿ ಮುರಿಯುವುದಿದ್ದರೆ ಹೆಚ್ಚಾಗಿ ಅಲ್ಲೇ ಮುರಿಯುತ್ತದೆ. ಚೂಪು ಮೂಲೆಯಲ್ಲಿ ಏಟಿನ ಒತ್ತಡವೆಲ್ಲ ಸೇರಿಕೊಳ್ಳುತ್ತದೆ. ಹದ ಹಾಕುವಾಗಲೇ ಅಲ್ಲಿ ಕೂದಲಿನಷ್ಟು ಸೀಳು ಬಿಟ್ಟಿರಲೂಬಹುದು. ಹಿಡಿ ಹಾಕುವ ಮೊದಲಾದರೆ ಅಲಗನ್ನು ದಾರದಲ್ಲಿ ತೂಗುಬಿಟ್ಟು ಬೆರಳಿನ ಗೆಣ್ಣಿನಿಂದ ತಟ್ಟಿ. 'ಣಂ' ಅಂತ ಉದ್ದಕ್ಕೆ ನಾದ ಬಂದರೆ ಒಳಗೆ ಸೀಳಿಲ್ಲ. 'ದಡ್' ಅಂದರೆ ಬೇಡ. ಹಿಡಿ ಕೂತ ಮೇಲೆ ಈ ಪರೀಕ್ಷೆ ನಡೆಯುವುದಿಲ್ಲ.

ಹಿಡಿ ಬೀಟೆಯದೋ ಹುಣಸೆಯದೋ ಅನ್ನುವುದು ಆಮೇಲಿನ ಮಾತು. ಬಾಲ ಎಷ್ಟು ಉದ್ದ ಒಳಗೆ ಹೋಗಿದೆ ಕೇಳಿ. ಹಿಡಿಯ ಅರ್ಧಕ್ಕಿಂತ ಜಾಸ್ತಿ ಹೋಗಿರಬೇಕು. ಹಿಡಿಯ ಬಾಯಿಗೆ ಹಾಕುವ ಬಳೆ ಮರಕ್ಕೆ ಬಿಗಿಯಾಗಿ ಕಚ್ಚಿರಬೇಕು. ಕಬ್ಬಿಣಕ್ಕೂ ಮರಕ್ಕೂ ನಡುವೆ ಉಗುರು ಹೋಗುವಷ್ಟು ಸಂದು ಇದ್ದರೆ ನೀರು ಇಳಿದು ಬಾಲ ಒಳಗೇ ತುಕ್ಕು ಹಿಡಿಯುತ್ತದೆ.

ಇನ್ನು ಹದ ಹೇಗೆ ಹಾಕುತ್ತೇವೆ ಅಂತ ಹೇಳುತ್ತೇನೆ. ಇದು ಗೊತ್ತಿದ್ದರೆ ಏನು ಕೇಳಬೇಕು ಅನ್ನುವುದು ನಿಮಗೇ ಹೊಳೆಯುತ್ತದೆ. ನಾವು ಈ ಕೆಲಸ ಮಾಡುವುದು ಸಂಜೆ, ಬೆಳಕು ಇಳಿದ ಮೇಲೆ. ಬಿಸಿಲಿನಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಕೆಂಪು ಕಾಣದೆ ಜಾಸ್ತಿ ಕಾಯಿಸಿದರೆ ಉಕ್ಕಿನ ಒಳಗಿನ ಕಾಳು ದಪ್ಪಗಾಗಿ ಅಲಗು ಗಾಜಿನ ಹಾಗೆ ಒಡೆಯುತ್ತದೆ. ಅಲಗು ಒಂದೇ ಸಮ ಕೆಂಪಾದ ಮೇಲೆ, ಬಾಯಿಯಿಂದ ಎರಡು ಬೆರಳಿನಷ್ಟನ್ನು ಮಾತ್ರ ಎಣ್ಣೆಯಲ್ಲಿ ಅದ್ದುತ್ತೇವೆ. ಬೆನ್ನು ಇನ್ನೂ ಕೆಂಪಗಿರುವಾಗಲೇ ಎತ್ತಿ, ಸಾಣೆಕಲ್ಲಿನ ಚೂರಿನಿಂದ ಬಾಯಿಯ ಮಸಿ ಉಜ್ಜಿ ಬೆಳ್ಳಗೆ ಮಾಡುತ್ತೇವೆ. ಆಗ ಬೆನ್ನಿನ ಕಾವು ಕೆಳಗೆ ಇಳಿಯುತ್ತಾ ಬರುತ್ತದೆ. ಬೆಳ್ಳಗಿರುವ ಜಾಗದಲ್ಲಿ ಬಣ್ಣ ಓಡುವುದು ಕಾಣುತ್ತದೆ. ಮುಂದೆ ತಿಳಿಹಳದಿ, ಅದರ ಹಿಂದೆ ಕಂದು, ಅದರ ಹಿಂದೆ ನೇರಳೆ, ಕೊನೆಗೆ ನೀಲಿ. ತಿಳಿಹಳದಿ ಬಾಯಿಗೆ ಮುಟ್ಟಿ ಕಂದಿಗೆ ತಿರುಗುವ ಹೊತ್ತಿಗೆ ಪೂರ್ತಿ ಅಲಗನ್ನು ಎಣ್ಣೆಗೆ ಇಳಿಸಬೇಕು. ಬಾಯಿ ಗಟ್ಟಿ, ಬೆನ್ನು ಬಳುಕುವಷ್ಟು ಮೆತ್ತಗೆ. ಒಂದು ಉಸಿರಿನಷ್ಟು ತಡವಾದರೆ ಬಾಯಿಯೂ ನೀಲಿಗೆ ಹೋಗಿ ಮೆತ್ತಗಾಗುತ್ತದೆ. ಮತ್ತೆ ಮೊದಲಿನಿಂದ ಕಾಯಿಸಬೇಕು. ಅಪ್ಪ ಆ ಹೊತ್ತಿನಲ್ಲಿ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಗಿರಾಕಿ ಬಂದು ನಿಂತರೂ ಅಷ್ಟೇ.

ಹಾಗಾಗಿ ಮಾರುವವರನ್ನು 'ಯಾವ ಪ್ಲೇಟು' ಅಂತ ಕೇಳುವ ಮೊದಲು 'ಹದ ಹಾಕಿದ್ದು ಯಾರು, ಎಣ್ಣೆಯಲ್ಲೋ ನೀರಿನಲ್ಲೋ, ಆಮೇಲೆ ಮತ್ತೆ ಕಾವು ಕೊಟ್ಟಿದ್ದೀರಾ' ಅಂತ ಕೇಳಿ. ಮಾಡಿದವರೇ ಆಗಿದ್ದರೆ ತಡವರಿಸದೆ ಹೇಳುತ್ತಾರೆ. ತಂದು ಮಾರುವವರಾದರೆ ಮಾತು ಬೇರೆ ಕಡೆ ಹೋಗುತ್ತದೆ.

ಕಾಫಿ_ಕಣ

ಕುಲುಮೆಮನೆ ಅವರ ಮಾತಿಗೆ ಕೊಡಗಿನಿಂದ ಒಂದು ಸೇರಿಸುತ್ತೇನೆ. ನಮ್ಮಲ್ಲಿ ಮದುವೆಯಲ್ಲಿ ಒಡಿಕತ್ತಿಯಿಂದ ಬಾಳೆ ಕಡಿಯುವ ಪದ್ಧತಿ ಇದೆ. ನೋಡುವವರು ಕತ್ತಿ ಎಷ್ಟು ಚೆನ್ನಾಗಿದೆ ಅನ್ನುತ್ತಾರೆ. ಆದರೆ ಬಾಳೆದಿಂಡು ಮೆತ್ತಗಿನದು. ಅದನ್ನು ಒಂದೇ ಏಟಿಗೆ ಕಡಿದರೆ ಅಲಗಿನ ಆಕಾರ ಚೆನ್ನಾಗಿದೆ, ಬಾಯಿ ತೆಳ್ಳಗಿದೆ ಅಂತ ಮಾತ್ರ ಗೊತ್ತಾಗುತ್ತದೆ. ಹದದ ವಿಷಯ ಗೊತ್ತಾಗುವುದಿಲ್ಲ. ಒಣಗಿದ ಕಾಫಿ ರೆಂಬೆಯ ಗಂಟಿಗೆ ಹತ್ತಾರು ಏಟು ಹಾಕಿ ಬಾಯಿ ನೋಡಿದರೆ ಹದ ಗೊತ್ತಾಗುತ್ತದೆ.

ಹಳೆಯ ಒಡಿಕತ್ತಿಯನ್ನು ಕೈಯಲ್ಲಿ ಹಿಡಿದವರಿಗೆ ಇನ್ನೊಂದು ಅನುಭವಕ್ಕೆ ಬಂದಿರುತ್ತದೆ. ಅಲಗು ಮುಂದೆ ಅಗಲವಾಗಿ ಒಳಕ್ಕೆ ಬಾಗಿರುತ್ತದೆ, ಹರಿತ ಇರುವುದು ಒಳಬಾಗಿನ ಕಡೆ. ಬೀಸಿದಾಗ ತೂಕ ತಾನಾಗಿ ಮುಂದಕ್ಕೆ ಹೋಗುತ್ತದೆ, ಮಣಿಕಟ್ಟಿಗೆ ನೋವಾಗುವುದಿಲ್ಲ. ಈಗ ಗೋಡೆಗೆ ತೂಗುಹಾಕಲು ಮಾಡುವ ಕೆಲವು ಕತ್ತಿಗಳಲ್ಲಿ ಆಕಾರ ಇದೆ, ಈ ತೂಕದ ಹಂಚಿಕೆ ಇಲ್ಲ. ಅಂಗಡಿಯಲ್ಲೇ ಒಂದೆರಡು ಸಲ ಗಾಳಿಯಲ್ಲಿ ಮೆಲ್ಲಗೆ ಬೀಸಿ ನೋಡಿ. ಹಿಡಿಯನ್ನು ಬಿಗಿಯಾಗಿ ಅಮುಕಬೇಕು ಅನ್ನಿಸಿದರೆ ಆ ಕತ್ತಿ ನಿಮ್ಮ ಕೈಗೆ ಆಗುವುದಿಲ್ಲ.

ಹೋಳಿಗೆಮನೆ_ಭಟ್ಟ

ನಾನು ಮದುವೆ ಮನೆಗಳ ಅಡುಗೆ ಮಾಡುವವನು. ಮೇಲೆ ಹೇಳಿದ್ದೆಲ್ಲ ತೋಟದ ಕತ್ತಿಗೆ ಸರಿ. ಅಡುಗೆಮನೆಯ ಚಾಕುವಿನ ವಿಷಯ ಸ್ವಲ್ಪ ಬೇರೆ.

ಅಡುಗೆ ಚಾಕುವಿನಲ್ಲಿ ಬಾಯಿ ಹರಿತ ಇದ್ದರೆ ಸಾಲದು, ಬಾಯಿಯ ಹಿಂದಿನ ಭಾಗ ತೆಳ್ಳಗಿರಬೇಕು. ದಪ್ಪ ಗಜ್ಜರಿಯನ್ನು ನಡುವೆ ಕೊಯ್ದು ನೋಡಿ. ಕೊನೆಯಲ್ಲಿ 'ಟಕ್' ಅಂತ ಸೀಳಿಕೊಂಡರೆ ಚಾಕು ಕೊಯ್ಯುತ್ತಿಲ್ಲ, ಬೆಣೆ ಹೊಡೆದಂತೆ ಬಿರಿಸುತ್ತಿದೆ. ಕತ್ತಿ ಮಾಡಿ ರೂಢಿಯಾದವರು ಚಾಕು ಮಾಡಿದಾಗ ಬಹಳ ಸಲ ಹೀಗಾಗುತ್ತದೆ. ಮುರಿಯಬಾರದು ಅಂತ ದಪ್ಪ ಬಿಡುತ್ತಾರೆ. ಅಂಗಡಿಯಲ್ಲಿ ಗಜ್ಜರಿ ಇರುವುದಿಲ್ಲ, ಅಲ್ವಾ? ಹೆಬ್ಬೆರಳು ತೋರುಬೆರಳ ನಡುವೆ ಅಲಗನ್ನು ಹಿಡಿದು, ಬೆನ್ನಿನಿಂದ ಬಾಯಿಯ ಕಡೆಗೆ ಹುಷಾರಾಗಿ ಜಾರಿಸಿ. ದಪ್ಪ ಒಂದೇ ಸಮ ಇಳಿಯುತ್ತಾ ಬರಬೇಕು. ಬಾಯಿಯ ಹತ್ತಿರ ಬಂದು ತಟ್ಟನೆ ಇಳಿದರೆ ಅಲ್ಲಿ ಭುಜ, ಅಂದರೆ ತೆಗೆಯದ ದಪ್ಪ, ಉಳಿದಿದೆ ಅಂತ ಅರ್ಥ.

ಇನ್ನೊಂದು, ಬೆನ್ನಿನ ಅಂಚು. ಎರಡು ಮೂಟೆ ಈರುಳ್ಳಿ ಹೆಚ್ಚುವವರ ತೋರುಬೆರಳು ಬೆನ್ನಿನ ಮೇಲೇ ಇರುತ್ತದೆ. ಅಂಚನ್ನು ಅರದಲ್ಲಿ ಉಜ್ಜಿ ಗುಂಡಗೆ ಮಾಡದಿದ್ದರೆ ಮಧ್ಯಾಹ್ನದ ಹೊತ್ತಿಗೆ ಬೆರಳಲ್ಲಿ ಬೊಬ್ಬೆ. ಇದು ಹತ್ತು ನಿಮಿಷದ ಕೆಲಸ. ಮಾಡಿದ್ದಾರೋ ಇಲ್ಲವೋ ಅನ್ನುವುದರಲ್ಲೇ, ಮಾಡಿದವರು ಒಮ್ಮೆಯಾದರೂ ಆ ಚಾಕು ಹಿಡಿದು ಕೆಲಸ ಮಾಡಿ ನೋಡಿದ್ದಾರೋ ಅನ್ನುವುದು ಗೊತ್ತಾಗುತ್ತದೆ. ಹಿಡಿಗೆ ಗಾಜಿನಂಥ ವಾರ್ನಿಷ್ ಬಳಿದಿದ್ದರೂ ನನಗೆ ಆಗುವುದಿಲ್ಲ. ಕೈ ಒದ್ದೆಯಾದರೆ ಜಾರುತ್ತದೆ.

ಕಪ್ಪಾಗುತ್ತದೆ ಅಂತ ಹೆದರಬೇಡಿ. ಬಾಳೆಹೂವು ಬಿಡಿಸಿದರೆ, ಮಾವಿನಕಾಯಿ ಕೊಚ್ಚಿದರೆ ಕಾರ್ಬನ್ ಉಕ್ಕು ಕಪ್ಪಾಗಿಯೇ ಆಗುತ್ತದೆ. ಕಪ್ಪು ಇರಲಿ, ಕೆಂಪು ತುಕ್ಕು ಬರದ ಹಾಗೆ ನೋಡಿಕೊಳ್ಳಿ. ಕೆಲಸ ಮುಗಿದ ಕೂಡಲೇ ತೊಳೆದು, ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿದರೆ ಆಯಿತು. ಹುಳಿ ಬಿದ್ದ ಪಾತ್ರೆಗಳ ಜೊತೆ ಸಿಂಕಿನಲ್ಲಿ ಬಿಟ್ಟರೆ ಮಾತ್ರ ಯಾವ ಕುಲುಮೆಯ ಚಾಕುವೂ ಉಳಿಯುವುದಿಲ್ಲ.

ಪೀಣ್ಯ_ಹೀಟ್

ನಾನು ಪೀಣ್ಯದಲ್ಲಿ ಹೀಟ್ ಟ್ರೀಟ್‌ಮೆಂಟ್, ಅಂದರೆ ಫರ್ನೇಸಿನಲ್ಲಿ ಲೋಹಕ್ಕೆ ಹದ ಹಾಕುವ ಕೆಲಸದಲ್ಲಿ ಇರುವವನು. ಕುಲುಮೆಮನೆ ಅವರು ಹೇಳಿದ ಬಣ್ಣದ ಲೆಕ್ಕ ನಮ್ಮ ಫರ್ನೇಸಿನ ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ. ತಿಳಿಹಳದಿ ಅಂದರೆ ಸುಮಾರು 220 ಡಿಗ್ರಿ, ನೀಲಿ ಅಂದರೆ 300ರ ಹತ್ತಿರ. ಅದನ್ನು ಕಣ್ಣಳತೆಯಲ್ಲಿ ಹಿಡಿಯುವುದು ಸಣ್ಣ ವಿದ್ಯೆಯಲ್ಲ.

'ಲಾರಿ ಪ್ಲೇಟು' ಅನ್ನುವುದರ ಬಗ್ಗೆ. ಸ್ಪ್ರಿಂಗ್ ಪ್ಲೇಟಿನಲ್ಲಿ ಕಾರ್ಬನ್ ಸುಮಾರು 0.5ರಿಂದ 0.6 ಶೇಕಡಾ ಇರುತ್ತದೆ. ಕತ್ತಿಗೆ ಬಹಳ ಒಳ್ಳೆಯದು, ಏಟು ತಡೆದುಕೊಳ್ಳುತ್ತದೆ. ಗೇಟು, ಗ್ರಿಲ್ಲಿಗೆ ಹಾಕುವ ಎಂಎಸ್ (ಮೈಲ್ಡ್ ಸ್ಟೀಲ್, ಮೆತ್ತಗಿನ ಉಕ್ಕು) ಪಟ್ಟಿಯಲ್ಲಿ 0.2ರ ಆಸುಪಾಸು. ಅದಕ್ಕೆ ಏನೇ ಹದ ಹಾಕಿದರೂ ಬಾಯಿ ನಿಲ್ಲುವಷ್ಟು ಗಟ್ಟಿಯಾಗುವುದಿಲ್ಲ. ಎರಡನ್ನೂ ಸಾಣೆ ಚಕ್ರಕ್ಕೆ ಒಡ್ಡಿದರೆ ಕಿಡಿಯಲ್ಲೇ ಗೊತ್ತಾಗುತ್ತದೆ. ಎಂಎಸ್ ಕಿಡಿ ಉದ್ದಕ್ಕೆ ನೇರ ಗೆರೆಯಾಗಿ ಹೋಗುತ್ತದೆ, ಸಿಡಿಯುವುದು ಕಡಿಮೆ. ಕಾರ್ಬನ್ ಜಾಸ್ತಿ ಇದ್ದಷ್ಟೂ ಕಿಡಿಯ ತುದಿ ಕವಲೊಡೆದು ಸಿಡಿಯುತ್ತದೆ. ಮಾರುವವರ ಹತ್ತಿರ ಗ್ರೈಂಡರ್ ಇದ್ದರೆ ಬೆನ್ನಿನ ಮೂಲೆಯನ್ನು ಒಮ್ಮೆ ಮುಟ್ಟಿಸಿ ತೋರಿಸಲು ಕೇಳಿ. ಹದಕ್ಕೆ ಅರದ ಪರೀಕ್ಷೆ ಇದೆ. ಹೊಸ ಅರವನ್ನು ಬಾಯಿಯ ಹತ್ತಿರ ಹಗುರವಾಗಿ ಎಳೆಯಿರಿ. ಬೆಣ್ಣೆ ಕೆರೆದಂತೆ ಕಚ್ಚಿದರೆ ಮೆತ್ತಗೆ. ಜಾರಿ ಜಾರಿ ಹೋಗುತ್ತಾ ಸ್ವಲ್ಪವೇ ಕಚ್ಚಿದರೆ ತೋಟದ ಕತ್ತಿಗೆ ಹದ ಸರಿ. ಗಟ್ಟಿತನ ಅಳೆಯುವ ರಾಕ್‌ವೆಲ್ ಅಳತೆಯಲ್ಲಿ ತೋಟದ ಕತ್ತಿ 50-55 ಇದ್ದರೆ ಸಾಕು. ಜರ್ಮನಿಯ ಅಡುಗೆ ಚಾಕುಗಳು ಸಾಮಾನ್ಯವಾಗಿ 56-58, ಜಪಾನಿನವು 60ರ ಮೇಲೆ. ಚಾಕುವಿನ ಗಟ್ಟಿತನವನ್ನು ಕತ್ತಿಗೆ ಕೊಟ್ಟರೆ ಮೊದಲ ಗಂಟಿಗೇ ಬಾಯಿ ಮುಕ್ಕಾಗುತ್ತದೆ.

ಒಂದು ಎಚ್ಚರಿಕೆ ಇದೆ. ಹಳೆಯ ಪ್ಲೇಟು ವರ್ಷಗಟ್ಟಲೆ ಲಾರಿಯ ಕೆಳಗೆ ಬಳುಕಿ ಬಳುಕಿ ದಣಿದಿರುತ್ತದೆ. ಒಳಗೆ ಕಣ್ಣಿಗೆ ಕಾಣದ ಸೀಳು ಇರಬಹುದು. ನಾನಾದರೆ ಹೊಸ ಪಟ್ಟಿಯಿಂದ ಮಾಡಿಸುತ್ತೇನೆ.

ಇನ್ನು ಆ 4,500ರ ಡಮಾಸ್ಕಸ್. ಈಗ ಆ ಹೆಸರಲ್ಲಿ ಮಾರುವುದು ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದು ಬಡಿದದ್ದು. ಒಂದರಲ್ಲಿ ನಿಕಲ್ ಇರುತ್ತದೆ. ಆಸಿಡ್‌ಗೆ ಹಾಕಿದಾಗ ಅದು ಬೆಳ್ಳಗೆ ಉಳಿಯುತ್ತದೆ, ಇನ್ನೊಂದು ಕಪ್ಪಾಗುತ್ತದೆ. ನಿಜವಾದದ್ದಾದರೆ ಗೆರೆ ಬೆನ್ನಿನ ಮೇಲೂ ದಾಟಿ ಆಚೆ ಮಗ್ಗುಲಿಗೆ ಹೋಗುತ್ತದೆ. ಬೆನ್ನು ನುಣ್ಣಗೆ ಬೋಳಾಗಿದ್ದು ಎರಡು ಮಗ್ಗುಲಲ್ಲೂ ಅಚ್ಚು ಒತ್ತಿದಂತೆ ಒಂದೇ ಗೆರೆ ಇದ್ದರೆ ಅದು ಮೇಲೆ ಮೂಡಿಸಿದ ಚಿತ್ರ. ನಿಜವಾದದ್ದೇ ಆದರೂ, ಗೆರೆ ಚೆಂದ ಇದೆ ಅಂದ ಮಾತ್ರಕ್ಕೆ ಹದ ಸರಿ ಇದೆ ಅಂತ ಅಲ್ಲ. ಯಾವ ಯಾವ ಉಕ್ಕು, ಹದ ಎಷ್ಟು ಅಂತ ಹೇಳದವರಿಗೆ ನಾನು ಅಷ್ಟು ದುಡ್ಡು ಕೊಡುವುದಿಲ್ಲ.

ಹಳೆಯ ಕಾಲದ ಡಮಾಸ್ಕಸ್ ಖಡ್ಗಗಳದ್ದು ಬೇರೆ ಕಥೆ. ಅವುಗಳ ಗೆರೆ ಪದರ ಬೆಸೆದು ಬಂದದ್ದಲ್ಲ, ಮೂಸೆಯಲ್ಲಿ ಕರಗಿಸಿದ ಉಕ್ಕಿನ ಒಳಗಿನಿಂದಲೇ ಮೂಡಿದ್ದು. ಅಂಥ ಮೂಸೆಯ ಉಕ್ಕು ನಮ್ಮಲ್ಲೇ ಆಗುತ್ತಿತ್ತು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಆ ಮೂಸೆಗಳ ಚೂರುಗಳು ಸಿಕ್ಕಿವೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿ, ಹಸಿ ಎಲೆ ಇಟ್ಟು ಉಕ್ಕು ಮಾಡುವುದನ್ನು ಬರೆದಿಟ್ಟಿದ್ದಾನೆ. ಕಾರ್ಬನ್ ಬರುತ್ತಿದ್ದದ್ದು ಆ ಕಡ್ಡಿ, ಎಲೆಯಿಂದ. ನನ್ನ ಕೆಲಸದ ಬೇರು ಅಲ್ಲಿದೆ ಅಂತ ನನಗೆ ತುಂಬ ಹೆಮ್ಮೆ.

ಕಾನುಹಕ್ಕಿ

ಎಲ್ಲರಿಗೂ ತುಂಬ ಧನ್ಯವಾದ. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಆ ಡಮಾಸ್ಕಸ್ ಫೋಟೋ ದೊಡ್ಡದು ಮಾಡಿ ನೋಡಿದೆ, ಬೆನ್ನಿನ ಮೇಲೆ ಒಂದೂ ಗೆರೆ ಇಲ್ಲ. ಅದನ್ನು ಬಿಟ್ಟೆ.

ಊರಲ್ಲಿರುವ ತಮ್ಮನಿಗೆ ಹೇಳಿ ಸಂತೆಯ ಕತ್ತಿಯ ಫೋಟೋ ತರಿಸಿದೆ. ಬೆನ್ನು ನೇರ ಇದೆ. ಮೊನೆಗೆ ಬರುತ್ತಾ ತೆಳುವಾಗಿದೆ. ಕತ್ತಿನ ಮೂಲೆ ಗುಂಡಗಿದೆ. ಆದರೆ ಮೊನೆಯ ಹತ್ತಿರ ಬಾಯಿಯಲ್ಲಿ ಒಂದು ಇಂಚಿನಷ್ಟು ನೀಲಿ ಛಾಯೆ ಕಾಣುತ್ತಿದೆ. ಕುಲುಮೆಮನೆ ಅಣ್ಣ, ನೀವು ಹೇಳಿದ ಹದದ ನೀಲಿ ಇದೇನಾ? ಇನ್ನೂ ಒಂದು. ಆ ಬಾಯಿ ಮಡಚಿದ ಕತ್ತಿಯನ್ನು ಏನು ಮಾಡಲಿ?

ಕುಲುಮೆಮನೆ

ಅದು ಹದದ ನೀಲಿ ಅಲ್ಲ. ಹದದ ಬಣ್ಣ ಸಾಣೆ ಹಿಡಿದಾಗ ಅಳಿಸಿ ಹೋಗಿರುತ್ತದೆ. ಈಗ ಕಾಣುತ್ತಿರುವುದು ಗ್ರೈಂಡರಿನಲ್ಲಿ ಸುಟ್ಟದ್ದು. ಮೊನೆ ತೆಳ್ಳಗಿರುವುದರಿಂದ ಅಲ್ಲಿ ಕಾವು ಬೇಗ ಏರುತ್ತದೆ. ಪದೇ ಪದೇ ನೀರಿಗೆ ಅದ್ದದೆ ಒತ್ತಿ ಹಿಡಿದರೆ ಕ್ಷಣದಲ್ಲಿ ನೀಲಿಯಾಗುತ್ತದೆ. ಅಷ್ಟು ಜಾಗದ ಹದ ಹೋಗಿದೆ ಅಂತಲೇ ತಿಳಿಯಿರಿ. ಉಳಿದ ಬಾಯಿ ಚೆನ್ನಾಗಿರಬಹುದು. ತೋಟದ ಕತ್ತಿಯಲ್ಲಿ ಕೆಲಸ ನಡೆಯುವುದು ಜಾಸ್ತಿ ನಡುಭಾಗದಲ್ಲಿ. ಮೊನೆ ಮೆತ್ತಗಾದರೆ ಕಲ್ಲಿಗೆ ತಾಗಿದಾಗ ಬಾಗುತ್ತದೆ, ಅಷ್ಟೇ. ತಮ್ಮನಿಗೆ ಒಂದು ಕೆಲಸ ಹೇಳಿ. ಕತ್ತಿಯ ಬಾಯಿ ಮೇಲೆ ಮಾಡಿ ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಉದ್ದಕ್ಕೂ ನೋಡಲಿ. ಹರಿತ ಇರುವ ಕಡೆ ಬೆಳಕು ಕಾಣುವುದಿಲ್ಲ. ಎಲ್ಲಿ ಬಿಳಿ ಚುಕ್ಕಿ, ಬಿಳಿ ಗೆರೆ ಹೊಳೆಯುತ್ತದೋ ಅಲ್ಲಿ ಮೊಂಡು ಅಥವಾ ಮುಕ್ಕು. ನೀಲಿ ಇರುವ ಜಾಗ ಬಿಟ್ಟು ಬೇರೆಲ್ಲೂ ಹೊಳೆಯದಿದ್ದರೆ, ಮಾಡಿದವರ ಹತ್ತಿರವೇ ಕೊಟ್ಟು ಮೊನೆಯಷ್ಟನ್ನು ನೀರು ಹಾಕುತ್ತಾ ಕಲ್ಲಿನಲ್ಲಿ ತೆಗೆಸಿ, ಸುಟ್ಟ ಭಾಗ ಹೋಗುವ ತನಕ. ಅವರು ಬೇಸರ ಮಾಡದೆ ಮಾಡಿಕೊಟ್ಟರೆ 600 ರೂಪಾಯಿ ಕೊಡಲು ಹಿಂದೆಮುಂದೆ ನೋಡಬೇಡಿ. ಚೌಕಾಸಿಯನ್ನೂ ಮಾಡಬೇಡಿ. ಇದ್ದಿಲು, ಸಾಣೆಚಕ್ರ, ಒಂದಿಡೀ ದಿನದ ರಟ್ಟೆ, ಎಲ್ಲ ಆ ಬೆಲೆಯ ಒಳಗೇ ಇದೆ.

ಪೀಣ್ಯದ ಅಣ್ಣ ಹಳೆಯ ಪ್ಲೇಟಿನ ಬಗ್ಗೆ ಹೇಳಿದ್ದು ಸರಿ. ಪ್ಲೇಟು ತುಂಡಾಗುವುದು ಹೆಚ್ಚಾಗಿ ನಡುವಿನ ಬೋಲ್ಟಿನ ತೂತಿನ ಹತ್ತಿರ. ನಾವು ತೂತಿನ ಎರಡೂ ಕಡೆ ಒಂದು ಗೇಣು ಬಿಟ್ಟು ತುದಿಯ ಭಾಗವನ್ನೇ ಬಳಸುತ್ತೇವೆ. ಮೊದಲ ಸಲ ಕಾಯಿಸಿ ಬಡಿದಾಗ ಸೀಳು ಇದ್ದರೆ ಕೆಂಪಿನಲ್ಲಿ ಕಪ್ಪು ಗೆರೆಯಾಗಿ ಕಾಣುತ್ತದೆ. ಅಂಥದ್ದನ್ನು ಗುದ್ದಲಿಗೂ ಹಾಕುವುದಿಲ್ಲ. ಹೊಸ ಪಟ್ಟಿ ಕೊಂಡು ಮಾಡಿದರೆ ಕತ್ತಿಯ ಬೆಲೆ ಏರುತ್ತದೆ, ಹಳ್ಳಿಯ ಗಿರಾಕಿ ತಗೊಳ್ಳುವುದಿಲ್ಲ. ಬೇಕು ಅಂದವರಿಗೆ ಮಾಡಿಕೊಡುತ್ತೇವೆ.

ಬಾಯಿ ಮಡಚಿದ ಕತ್ತಿಯನ್ನು ಎಸೆಯಬೇಡಿ. ಬಾಯಿ ಮಡಚಿದರೆ ಹದ ಕಡಿಮೆ, ಮುಕ್ಕಾದರೆ ಹದ ಜಾಸ್ತಿ. ಎರಡಕ್ಕೂ ಪರಿಹಾರ ಇದೆ, ಕಬ್ಬಿಣ ಮಾತ್ರ ಉಕ್ಕೇ ಆಗಿರಬೇಕು. ಹತ್ತಿರದ ಯಾವುದಾದರೂ ಕುಲುಮೆಗೆ ಒಯ್ದು ಕಿಡಿ ನೋಡಲು ಹೇಳಿ. ಕಿಡಿ ಸಿಡಿದರೆ ಹಿಡಿ ಬಿಚ್ಚಿಸಿ, ಬಾಯಿ ಹಣಿಸಿ, ಹೊಸದಾಗಿ ಹದ ಹಾಕಿಸಿ. ಹೊಸ ಕತ್ತಿಯಷ್ಟೇ ಕೆಲಸ ಮಾಡುತ್ತದೆ. ಕಿಡಿ ನೇರ ಗೆರೆಯಾಗಿ ಹೋದರೆ ಅದು ಎಂಎಸ್. ಅದನ್ನು ಹುಲ್ಲು, ಸೊಪ್ಪು ಸವರಲು ಇಟ್ಟುಕೊಳ್ಳಿ, ತೆಂಗಿನಕಾಯಿಗೆ ಬೇಡ.

ಅಜ್ಜನ ಕತ್ತಿಯನ್ನು ಯಾರಿಗಾದರೂ ಮಸೆಯಲು ಕೊಡುವುದಾದರೆ ಗ್ರೈಂಡರ್ ಮುಟ್ಟಿಸಬೇಡಿ ಅಂತ ಮೊದಲೇ ಹೇಳಿ. ನೀರು ಹಾಕಿ ಕಲ್ಲಿನ ಮೇಲೆ ಮಸೆದರೆ ಸಾಕು.